ಹಸಿರು ನಕ್ಷೆಯ ಬೇಸಿಗೆ

ತ್ರಾಸಿ, ಹೊಳೆಬದಿ
21 ಏಪ್ರಿಲ್ 2025

ಪ್ರೀತಿಯ ಅನಿಷಾ,

ಹೇಗಿದ್ದೀಯೆ? ನೀನು ಪಾಪುವನ್ನು ನೋಡಿ ಹೋದಮೇಲೆ ನಿನಗೆ ಎರಡು ಸಾಲೂ ಬರೆಯಲಿಲ್ಲ, ಬೈದುಕೋ. ಅವಳಿಗೀಗ ಏಳು ತಿಂಗಳು. ಹಗಲೆಲ್ಲ ನಿದ್ರೆ, ರಾತ್ರಿ ಆಟ. ನನ್ನ ಕಣ್ಣು ಉರಿಯುತ್ತಲೇ ಇರುತ್ತದೆ. ಫೋನ್ ಮಾಡೋಣವೆಂದರೆ ಈ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಕೇಳಿಸಿಕೊಳ್ಳುತ್ತಾರೆ.

ಯಾವ ತಾಲೂಕಿನಲ್ಲಿ ನೀರು ಮಿಗುತ್ತದೆ, ಎಲ್ಲಿ ಸಾಲುವುದಿಲ್ಲ ಎಂಬ ಬೇಸಿಗೆಯ ಮುನ್ಸೂಚನೆಯನ್ನು ಜನವರಿಯಲ್ಲಿ ನಿಮ್ಮ ಆಫೀಸಿನಿಂದ ಕಳಿಸಿದ್ದೆಯಲ್ಲ? ನಕ್ಷೆಯಲ್ಲಿ ನಮ್ಮದು ಹಸಿರು. ಮೇ ಕೊನೆಯವರೆಗೂ ಹೊಳೆ ತುಂಬಿರುತ್ತದೆಂದು ಊಟದ ಹೊತ್ತಿಗೆ ನಾನೇ ಓದಿ ಹೇಳಿದೆ. ಇವರು ಮೀನಿನ ಮುಳ್ಳು ಬಿಡಿಸುತ್ತಾ, "ಅಷ್ಟ್ ನೀರ್ ಇದ್ರೆ ಕಟ್ಟಕ್ಕೆ ಹಲ್ಗಿ ಎಂತಕೆ? ಮೀನ್ ಮೇಲ್ ಬಪ್ಪುಕೆ ಬಿಡ್ಕಲೆ" ಎಂದರು. ಅತ್ತೆ ನಕ್ಕರು: "ಹೌದ್, ನಿನ್ನ ಬಲಿಗೆ ಬೀಳುಕೆ!"

ನಮ್ಮ ಕಿಂಡಿ ಅಣೆಕಟ್ಟು ನೀನು ನೋಡಿದ್ದೀಯೆ. ಡಿಸೆಂಬರಿನಲ್ಲಿ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಸಮುದ್ರದ ಭರತಕ್ಕೆ ಹೊಳೆಗೆ ಏರುವ ಉಪ್ಪುನೀರು ಅಲ್ಲೇ ನಿಲ್ಲುತ್ತದೆ. ಕಳೆದ ಬುಧವಾರ ಎರಡು ಕಿಂಡಿಯ ಹಲಗೆ ಮಾಯ. ನಾಲ್ಕೇ ದಿನದಲ್ಲಿ ನಮ್ಮ ಕೇರಿಯ ಆರೂ ಬಾವಿ ಉಪ್ಪು.

ಕಟ್ಟ ಕಾಯುವುದು ಪಕ್ಕದ ಮನೆಯ ದೇವಣ್ಣ. ಕಟ್ಟದ ಸಮಿತಿಯ ಭೋಜರಾಜಣ್ಣ ಅವನ ಅಂಗಳದಲ್ಲಿ ಎಲ್ಲರೆದುರು ಕೇಳಿದರು: "ಹ್ವಾಯ್ ದೇವು, ಹಲ್ಗಿ ಈಜ್ಕಂಡ್ ಹೋಯ್ತಾ?"

"ತಂಗಿ ಮಗಳ್ ಮದಿಗೆ ಹೋದದ್ದ್ ಒಂದೇ ದಿನ ಮಾರಾಯ್ರೆ. ಊರಿಗೆಲ್ಲ ಹೇಳಿಯೇ ಹೋದದ್ದ್."

ಬರುವ ಭಾನುವಾರದ ಸಭೆಯಲ್ಲಿ ಅವನನ್ನು ತೆಗೆಯುತ್ತಾರಂತೆ. ಇವರೂ ಅಲ್ಲೇ ನಿಂತು ಹೂಂ ಹೂಂ ಎನ್ನುತ್ತಿದ್ದರು.

ಅನಿಷಾ, ನನಗೆ ನಿಮ್ಮ ಮುನ್ಸೂಚನೆಯ ಮೇಲೇ ಅನುಮಾನ. ಬೇಜಾರು ಮಾಡಬೇಡ. ನೀವು ಹೇಳಿದ್ದಕ್ಕಿಂತಲೂ ಹೆಚ್ಚು ನೀರು ಮೇಲಿನಿಂದ ಬಂದು ಹಲಗೆಗಳನ್ನು ಎಬ್ಬಿಸಿಕೊಂಡು ಹೋಗಿರಬಹುದಲ್ಲ? ಹೋಗಿರಬಹುದು ಎಂದು ಒಂದು ಕಾಗದದಲ್ಲಿ ಬರೆದು ಕಳಿಸು. ಭಾನುವಾರದೊಳಗೆ ನನ್ನ ಕೈಗೆ ಸಿಗಬೇಕು. ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಂಡರೆ ನಿನ್ನ ಕೆಲಸಕ್ಕೇನೂ ಆಗುವುದಿಲ್ಲ ತಾನೆ?

ಕೊಲ್ಲೂರಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ,
ಧನ್ಯಶ್ರೀ

ಮತ್ತೆ, ಪಾಪುವಿನ ಚಿಂತೆ ಬೇಡ. ಅವಳ ಬಾಯಿಗೆ ಉಪ್ಪುನೀರು ಹೋಗಿಲ್ಲ. ಕೊಕ್ಕರ್ಣೆಯ ನನ್ನ ತವರಿನ ಬಾವಿಯಿಂದ ಇವರೇ ಐದು ಕ್ಯಾನ್ ತುಂಬಿಸಿ ತಂದು ಅಡುಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಹಲಗೆ ಹೋದದ್ದು ಬುಧವಾರ. ಕ್ಯಾನ್ ಬಂದದ್ದು ಅದರ ಹಿಂದಿನ ದಿನ, ಮಂಗಳವಾರ. ಯಾಕೆಂದು ನಾನು ಕೇಳಲಿಲ್ಲ. ನಿನ್ನೆ ದೇವಣ್ಣನ ಹೆಂಡತಿ ಮೊಮ್ಮಗನಿಗೆಂದು ಒಂದು ಚೊಂಬು ಸಿಹಿನೀರು ಕೇಳಿಕೊಂಡು ಬಂದರು. ಕ್ಯಾನುಗಳ ಮೇಲೆ ಚಾದರ ಎಳೆದು, ಇಲ್ಲ ಎಂದೆ.