ಬಳೆ ಶಾಸ್ತ್ರದಲ್ಲಿ ಸೆಲ್ಲಮ್ಮತ್ತೆ ಬಿದ್ದದ್ದು

ಸೂಲೂರು
ಮಂಗಳವಾರ, ೧೧ ಫೆಬ್ರವರಿ ೨೦೨೫

ನನ್ನ ಮುದ್ದು ತಾತಾ,

ಕಣ್ಣಿನ ಆಪರೇಷನ್ ಸುಖವಾಗಿ ಮುಗಿಯಿತೆಂದು ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಹೊತ್ತು ಹೊತ್ತಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀರಾ? ಬಗ್ಗಬಾರದು ಎಂದರೆ ಚಪ್ಪಲಿ ಹುಡುಕಲಿಕ್ಕೂ ಬಗ್ಗಬಾರದು. ಓದಲು ಡಾಕ್ಟರ್ ಇನ್ನೂ ಬಿಡದಿದ್ದರೆ ಈ ಕಾಗದ ದಿಂಬಿನಡಿ ಇರಲಿ, ಚಿಕ್ಕಪ್ಪನ ಕೈಲಿ ಓದಿಸಬೇಡಿ. ಈ ಮನೆಯಲ್ಲಿ ಕನ್ನಡ ಅಕ್ಷರ ಬರುವುದು ನಮ್ಮಿಬ್ಬರಿಗೇ ಎಂಬ ಧೈರ್ಯದಿಂದ ಅಮ್ಮನ ಎದುರೇ ಕೂತು ಬರೆಯುತ್ತಿದ್ದೇನೆ. ಏನು ಬರೀತಿದ್ದೀಯ ಎಂದಳು, ಯೋಗಕ್ಷೇಮ ಎಂದೆ.

ಆರು ತಿಂಗಳಿಂದ ನಾನು ಸಂಜೆ ಹೋಗುತ್ತಿರುವುದು ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗಲ್ಲ, ಅದರ ಮೇಲಿನ ಮಹಡಿಗೆ. ಅಲ್ಲಿ ಜಯರಾಮನ್ ಮಾಸ್ಟರ್ ಒಂದು ಕಲಬೆರಕೆ ಯುದ್ಧಕಲೆ ಕಲಿಸುತ್ತಾರೆ: ಕಾಲಿನ ಹೆಜ್ಜೆ ಸಿಲಂಬವೆಂಬ ಕೋಲುವರಸೆಯದು, ಗುದ್ದು ಬಾಕ್ಸಿಂಗಿನದು, ಹಿಡಿತ ಜೂಡೋದ್ದು. ಯಾವ ವಿದ್ಯೆಯೂ ಕುಲದೇವರಲ್ಲ, ನಿನ್ನ ಮೈಗೆ ಒಗ್ಗಿದ್ದೇ ನಿನ್ನದು ಅನ್ನುತ್ತಾರೆ. ಅರ್ಧ ಕನ್ನಡ ಅರ್ಧ ತಮಿಳು ಮಾತಾಡಿ ಬೆಳೆದ ನನಗೆ ಇದು ಮೊದಲ ದಿನವೇ ಅರ್ಥವಾಯಿತು. ಮೂರು ವರ್ಷ ಸಾಹಿತ್ಯ ಓದಿಯೂ ನಾಲ್ಕು ಜನರೆದುರು ಬಾಯಿ ಬಿಡದ ನಾನು ಅಲ್ಲಿ ದೂರ ನಿಲ್ಲೆಂದು ಎಷ್ಟು ಜೋರಾಗಿ ಕೂಗುತ್ತೇನೆಂದರೆ, ಕೆಳಗಿನ ಕೋಚಿಂಗಿನವರು ಹತ್ತಿ ಬಂದು ದೂರು ಹೇಳಿ ಹೋಗುತ್ತಾರೆ. ಯಾರಾದರೂ ಮಣಿಕಟ್ಟು ಹಿಡಿದರೆ "ಬಲಂ ವೇಂಡಾಮ್ಮಾ, ವಳಿ ವಿಡು" ಎಂಬುದು ಮಾಸ್ಟರ ಮಂತ್ರ. ಬಲ ಬೇಡ, ದಾರಿ ಬಿಡು. ಅವರು ಎಳೆದ ಕಡೆಗೇ ಒಂದು ಹೆಜ್ಜೆ ಹೋಗಿ ತಿರುಗಿಬಿಡು. ಬಿದ್ದವರನ್ನು ನೋಡುತ್ತಾ ನಿಲ್ಲದೆ ಅಲ್ಲಿಂದ ಹೊರಡು.

ಭಾನುವಾರ ನಮ್ಮಲ್ಲಿ ಚೊಚ್ಚಲ ಬಸುರಿ ಸುಗನ್ಯಕ್ಕನ ಬಳೆ ಶಾಸ್ತ್ರವಿತ್ತು. ಬಸುರಿಗೆ ತೊಡಿಸಿದ ಮೇಲೆ ಬಂದ ಹೆಂಗಸರಿಗೆಲ್ಲ ಬಳೆ ತೊಡಿಸುವುದು, ನಾಚಿ ದೂರ ನಿಂತವರನ್ನು ಹಿಡಿದೆಳೆಯುವುದು, ಎರಡೂ ನಿಮ್ಮ ಮಗಳು ಸೆಲ್ಲಮ್ಮತ್ತೆಯ ಕೆಲಸ ತಾನೆ. ನಾನು ಎಂದಿನಂತೆ ಕಂಬದ ಮರೆಯಲ್ಲಿದ್ದೆ. ಹಿಂದಿನಿಂದ ಬಂದು ಮಣಿಕಟ್ಟಿಗೆ ಕೈ ಹಾಕಿದರು. ತಾತಾ, ನಾನೇನೂ ಮಾಡಲಿಲ್ಲ, ಕಾಲು ತಾನಾಗಿ ಹೋಯಿತು. ಅತ್ತೆ ಹುಳಿಯನ್ನದ ಅಗಲ ಬೋಗುಣಿಯಲ್ಲಿ, ಒಂದು ಬಳೆಯೂ ಒಡೆಯದಂತೆ, ಕುಳಿತುಬಿಟ್ಟರು. ನಾನು ಪಾಠದ ಪ್ರಕಾರ ಹೊರಟೆ. ಬಿದ್ದದ್ದು ಅತ್ತೆ ಎಂದು ಹೊಳೆದದ್ದು ಬೀದಿಯ ತಿರುವಿನಲ್ಲಿ. ಓಡಿ ಬರುವಷ್ಟರಲ್ಲಿ ಪಕ್ಕದ ಮನೆಯ ಪೊನ್ನಮ್ಮಜ್ಜಿ "ಏನ್ಡೀ, ಬ್ಯಾಂಕ್ ಪರೀಕ್ಷೇಲಿ ಇದೂ ಕೇಳ್ತಾರಾ?" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಅಮ್ಮ ನಗಲಿಲ್ಲ, ಮೇಲಿನ ಮಹಡಿಯ ಸಂಗತಿಯನ್ನೆಲ್ಲ ನನ್ನಿಂದ ಬಾಯಿ ಬಿಡಿಸಿದಳು. "ಇನ್ನು ಹೊಸಿಲು ದಾಟಿದ್ರೆ ನೋಡು! ನಿನ್ನ ಕಟ್ಕೊಳ್ಳೋಕೆ ಯಾವ ಮಾಪಿಳ್ಳೆ ಬರ್ತಾನೆ?" ಕಡೆಗೆ, ಮುಂದಿನ ವಾರ ತಾತನನ್ನು ಕೇಳುತ್ತೇನೆ, ಅವರು ಹೇಳಿದ್ದೇ ಕಟ್ಟಕಡೆಯ ಮಾತು ಎಂದಳು. ಎರಡು ದಿನದಿಂದ ತರಗತಿಗೆ ಹೋಗಿಲ್ಲ. ನಿನ್ನೆ ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬಂದೆ. ಹೀಗೇ ಹಳೆಯ ನಾನಾಗಿಬಿಡುತ್ತೇನೇನೋ ಎಂದು ಭಯ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮಗೆ ಇಲ್ಲಿಂದಲೇ ಕಾಲು ಮುಟ್ಟಿ ನಮಸ್ಕರಿಸುತ್ತೇನೆ. ಆಶೀರ್ವಾದ ಮಾಡಲು ಬಗ್ಗಬೇಡಿ.

ನಿಮ್ಮ ಮೊಮ್ಮಗಳು
ಕೃತ್ತಿಕಾ

ಅಂಚೆ ಡಬ್ಬಿಗೆ ಹಾಕುವ ಮುಂಚೆ ಇನ್ನೊಂದು: ಈಗಷ್ಟೇ ಸೆಲ್ಲಮ್ಮತ್ತೆ ಬಂದು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿಕೊಂಡರು. "ಉಕ್ಕಡಂ ಬಸ್ಸಲ್ಲಿ ಒಬ್ಬ ಬೇಕೂಂತ ಮೇಲೆ ಬೀಳ್ತಾನೆ ಕಂದಾ, ಅವನಿಗೆ ಅದನ್ನ ಮಾಡ್ಬೇಕು, ಹೇಳ್ಕೊಡು" ಎಂದರು. ಆದ್ದರಿಂದ ಅಮ್ಮ ಫೋನ್ ಮಾಡಿದಾಗ ನನ್ನ ಪರವಾಗಿ ಒಂದು ಮಾತೂ ಆಡಬೇಡಿ. ಅವಳಿಗಿಂತ ಜೋರಾಗಿ ಬೈಯಿರಿ. ಹುಡುಗಿಯನ್ನು ಒಬ್ಬಳೇ ಕಳಿಸಿದ್ದೇ ತಪ್ಪು, ಇನ್ನು ಮುಂದೆ ಕಾವಲಿಗೆ ಸೆಲ್ಲಮ್ಮ ದಿನಾ ಜೊತೆಗೆ ಹೋಗಲಿ ಅನ್ನಿ. ಅತ್ತೆ ತಿರುಪ್ಪೂರಿನಿಂದ ಟ್ರ್ಯಾಕ್ ಪ್ಯಾಂಟ್ ತರಿಸಿಬಿಟ್ಟಿದ್ದಾರೆ, ಎರಡು.