ಭಾನುವಾರ ಬಂದುಹೋದವರು

ಕೊಳವಳ್ಳಿ, ವಯನಾಡು
೧೨ ನವೆಂಬರ್ ೨೦೨೪, ಬೆಳಿಗ್ಗೆ

ಮುದ್ದಿನ ಅಳಿಯ ಜಿನೇಶನಿಗೆ ಸೋದರಮಾವನ ಪ್ರೀತಿಯ ನೆನಪುಗಳು.

ಜ್ವರ ಗಿರ ಇಲ್ಲ ತಾನೆ? ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಇಂದ್ರಮ್ಮಕ್ಕನ ಹೊಲಿಗೆ ಒಣಗಿತೇ? ಮಗನಿಗೆ ಕಿಡ್ನಿ ಕೊಟ್ಟೆನೆಂಬ ಜಂಬದಲ್ಲಿ ನಿಮ್ಮಮ್ಮ ಬಕೆಟ್ ಎತ್ತದಿರಲಿ. ರಕ್ತ ಹೊಂದಿದ್ದರೆ ನಾನು ಎರಡನ್ನೂ ಕೊಟ್ಟು ನಡೆದೇ ಊರಿಗೆ ಬರುತ್ತಿದ್ದೆ, ಅದು ಎಲ್ಲರಿಗೂ ಗೊತ್ತು.

ಅಕ್ಕ ನಿನ್ನೆ ಫೋನಿನಲ್ಲಿ ಹೇಳಿದಳು. ಮೈ ಹೊಸ ಕಿಡ್ನಿಯ ಮೇಲೆ ಬೀಳದಿರಲೆಂದು ಕೊಡುವ ಮಾತ್ರೆ ರೋಗ ತಡೆಯುವ ಕಾವಲನ್ನೂ ಮಲಗಿಸುತ್ತದಂತೆ. ಅದರ ಮೇಲೆ, ವೈರಸ್ ಬಂದೊಡನೆ ಮೊದಲು ಎದುರು ನಿಲ್ಲುವ, ಹುಟ್ಟಿನಿಂದಲೇ ಇರುವ ಕಣಗಳೂ ನಿನ್ನ ರಕ್ತದಲ್ಲಿ ಕಡಿಮೆಯಂತೆ. ಭಾನುವಾರ ಕೋಣೆಗೆ ಬಂದವರಲ್ಲಿ ಯಾರಿಗಾದರೂ ಜ್ವರ, ಗುಳ್ಳೆ ಇತ್ತೇ ಎಂದು ಬೇಗ ತಿಳಿದರೆ ಮೊದಲೇ ಮದ್ದು ಕೊಡಬಹುದು ಎಂದರಂತೆ ಡಾಕ್ಟರು. ತನಿಖೆಯನ್ನು ನಾನೇ ವಹಿಸಿಕೊಂಡೆ. ಓದಿದ್ದು ಏಳನೇ ಕ್ಲಾಸಾದರೂ, ಲದ್ದಿ ನೋಡಿ ಆನೆ ಯಾರ ಬಾಳೆ ತಿಂದು ಬಂತೆಂದು ಹೇಳುವವನು ನಾನು.

ಮೊದಲ ಗುಮಾನಿ ಪಕ್ಕದ ಮನೆ ಬಾಲಕೃಷ್ಣನ್ ಮೇಲೆ. ಭಾನುವಾರ ನನ್ನ ಜೊತೆ ಬಂದವನು ನಿನ್ನ ಕೋಣೆಯಲ್ಲಿ ಎರಡು ಸಲ ಕೆಮ್ಮಿದ್ದನ್ನು ಎಣಿಸಿದ್ದೇನೆ. ಅಂಗಿ ಬಿಚ್ಚು ಎಂದೆ. "ಏನಿದು ಚೇಟ್ಟಾ, ನಾನೇನು ಪೋಲೀಸ್ ಸ್ಟೇಷನ್ನಲ್ಲಿ ನಿಂತಿದ್ದೀನಾ?" ಎಂದು ಗೊಣಗಿಕೊಂಡೇ ಬಿಚ್ಚಿದ. ಬೆನ್ನಲ್ಲಿ ಬೆವರುಸಾಲೆ, ಬೇರೇನಿಲ್ಲ. ಆಮೇಲೆ, ಅಂದು ಜೊತೆಗೇ ಬಂದಿದ್ದ ನನ್ನ ಮಗಳು ಸುಪ್ರಿಯಾ. ಅವಳ ಅಂಗನವಾಡಿಯಲ್ಲಿ ಒಂದು ಮಗುವಿಗೆ ಚಿಕನ್‌ಪಾಕ್ಸ್ ಬಂದಿತ್ತೆಂದು ಕೇಳಿ ಅವಳ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. "ಅದು ಓಣಂ ರಜೆಗಿಂತ ಮೊದಲು ಅಪ್ಪಾ. ಎಲ್ಲರನ್ನೂ ನೋಡ್ತೀಯಲ್ಲ, ನಿನ್ನ ಯಾರು ನೋಡಿದ್ರು?" ಎಂದಳು. ಬಾಯಿ ಜೋರು, ಅವಳಮ್ಮನ ಹಾಗೆ. ಆ ಮಾತಿನ ಮೇಲೆ ತನಿಖೆ ಮುಂದುವರಿಸಲು ಮನಸ್ಸಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ಪದ್ಮಾವತಿ ಅಮ್ಮನವರು ನಿಮ್ಮಿಬ್ಬರನ್ನೂ ಕಣ್ಣಲ್ಲಿಟ್ಟು ಕಾಯಲಿ.

ನಿನ್ನ ಮಾವ,
ಚಂದ್ರಪ್ರಭ

ಮರೆತದ್ದು: ಸಜೀವನ ಜೀಪು ಗೇಟಿನಲ್ಲಿ ನಿಂತಿದೆ, ಮೆಣಸಿನ ಮೂಟೆಯ ಜೊತೆ ಈ ಕಾಗದ ಇಂದೇ ಕೋಯಿಕ್ಕೋಡಿಗೆ ಬಂದು ನಿನ್ನ ಕೈ ಸೇರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಅಕ್ಕ ಸ್ಪೀಕರ್ ಹಾಕುತ್ತಾಳೆ, ನನಗೆ ಮುಖವಿಲ್ಲ. ಭಾನುವಾರ ನನ್ನ ಹೆಗಲಿನಲ್ಲಿ ಸರ್ಪಸುತ್ತು ಇತ್ತು, ನೀರು ತುಂಬಿದ ಗುಳ್ಳೆಗಳು. ತೋಲ್ಪೆಟ್ಟಿಯ ನಾಟಿಮದ್ದಿನ ಅಜ್ಜಿ ಕೆಮ್ಮಣ್ಣು ಬರೆದು, ಮೂರು ವಾರ ಯಾರಿಗೂ ಬಾಯಿ ಬಿಡಬೇಡ, ಬಿಟ್ಟರೆ ಮದ್ದು ಹತ್ತದು ಎಂದಿದ್ದಳು. ನಿನಗೆ ಚಳಿಯೆಂದು ಹೊದಿಸಿದ ಶಾಲು ಆ ಹೆಗಲ ಮೇಲಿದ್ದದ್ದೇ. ಓದಿದ ಕೂಡಲೇ ಡಾಕ್ಟರಿಗೆ ತೋರಿಸು, ನಾಳೆಗೆ ಇಡಬೇಡ. ಶಾಲನ್ನು ನೀನು ಮುಟ್ಟಬೇಡ. ನನ್ನ ಮದ್ದು ಹತ್ತದಿದ್ದರೆ ಹತ್ತದಿರಲಿ.