ಗಣತಿ ಮೇಡಂ ಬಂದಾಗ

ರುದ್ರೇಶ,

ನಾನು ಗಾರ್ಮೆಂಟ್ಸಿಗೆ ಹೊರಟೆ. ರೊಟ್ಟಿ ಡಬ್ಬಿಯಲ್ಲಿದೆ, ಮೊದಲು ಅವ್ವನಿಗೆ ಹಾಕು.

ಇವತ್ತು ಗಣತಿ ಮೇಡಂ ಬರ್ತಾರೆ. ಮೆಟ್ಟಿಲ ಮೇಲೇ ನಿಲ್ಲಿಸಿ ಮಾತಾಡಬೇಡ. ಒಳಗೆ ಕರೆದು ಕುರ್ಚಿ ಹಾಕು, ನೀರು ಕೊಡು. ಕುಡಿಯದಿದ್ದರೆ ಬಿಡು.

ಜಾತಿ ಕೇಳಿದರೆ ನಮ್ಮದನ್ನೇ ಹೇಳು, ಈ ಮನೆ ಸಿಗಲಿ ಅಂತ ಓನರ್ ಆಂಟಿಗೆ ಹೇಳಿದ್ದನ್ನಲ್ಲ. ಬಾಗಿಲು ಹಾಕಬೇಡ. ಆಂಟಿ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಖಾಲಿ ಮಾಡಿ ಅಂದರೆ ಲಗ್ಗೆರೆಯಲ್ಲಿ ಇದೊಂದೇ ಮನೆ ಇರೋದಾ?

ಹೋದ ಸಲ ಸರ್ವೆಯವರ ಹತ್ತಿರ ನೀನು ಆ ಸುಳ್ಳನ್ನೇ ಬರೆಸಿದೆ. "ಸರ್ಕಾರಕ್ಕ ಯಾಕ ಬೇಕು ನಮ್ಮ ಜಾತಿ" ಅಂದೆ. ಸರ್ಕಾರದ ಮಾತು ಬಿಡು. ನಿನ್ನ ಪಕ್ಕದಲ್ಲೇ ಕೂತಿದ್ದ ಅವ್ವ ಎದ್ದು ಅಡುಗೆಮನೆಗೆ ಹೋದಳು. ನೀನು ನೋಡಲಿಲ್ಲ, ನಾನು ನೋಡಿದೆ.

ಇವತ್ತು ಅವಳು ಎದ್ದು ಹೋಗದ ಹಾಗೆ ಉತ್ತರ ಹೇಳು.

ನಿನ್ನ ಅಕ್ಕ
ದಾನಮ್ಮ